ಸಹಾಯ ಬೇಕು: ಒಂದೇ ಹೆಸರಿನ ಎರಡು ಊರು, ಅಜ್ಜನದು ಯಾವುದು?

ಎಲ್ಲರಿಗೂ ನಮಸ್ಕಾರ. ತಾಯಿಯ ತಂದೆ ಹುಟ್ಟಿದ ಊರನ್ನು ಮುಂದಿನ ತಿಂಗಳು ನೋಡಿಬರಬೇಕೆಂದು ಸಿದ್ಧತೆ ನಡೆಸಿರುವ ನನಗೆ, ಆ ಊರು ಯಾವುದೆಂಬುದೇ ಬಗೆಹರಿಯದಾಗಿದೆ. ಅಜ್ಜನ ಶಾಲಾ ವರ್ಗಾವಣೆ ಪತ್ರದಲ್ಲಿರುವ ಹೆಸರಿನ ಊರುಗಳು ನಕಾಶೆಯಲ್ಲಿ ಎರಡು ಸಿಗುತ್ತವೆ; ತಾಲ್ಲೂಕಿನ ಹೆಸರಿದ್ದ ಮೂಲೆಯನ್ನೇ ಗೆದ್ದಲು ತಿಂದಿದೆ. ದೊಡ್ಡಮ್ಮನವರಿಗೆ ನೆನಪಿರುವುದು ಊರ ಮುಂದೆ ಹೊಳೆಯಿತ್ತು ಎಂಬುದಷ್ಟೇ (ಎರಡೂ ಊರುಗಳ ಮುಂದೆ ಹೊಳೆಯಿದೆ!). ಜನನ ದಾಖಲೆಗೆ ಎರಡೂ ಕಡೆ ಅರ್ಜಿ ಸಲ್ಲಿಸಿದಾಗ, ಅಷ್ಟು ಹಳೆಯ ಪುಸ್ತಕಗಳು ಉಳಿದಿಲ್ಲವೆಂಬ ಉತ್ತರ ಬಂದಿತು. ಮನೆಯಲ್ಲಿರುವ ಹಳೆಯ ಕ್ರಯಪತ್ರವೊಂದರಲ್ಲಿ ಮುತ್ತಜ್ಜನ ಹೆಸರು, ಸರ್ವೆ ನಂಬರು ಹಾಗೂ ಚೆಕ್ಕುಬಂದಿಯನ್ನು (ಜಮೀನಿನ ನಾಲ್ಕೂ ದಿಕ್ಕಿನ ಗಡಿಗಳ ವಿವರ) ಮಾತ್ರ ಓದಲು ಸಾಧ್ಯವಾಗುತ್ತಿದೆ. ಇಷ್ಟನ್ನೇ ಆಧಾರವಾಗಿಟ್ಟುಕೊಂಡು ಸರಿಯಾದ ಊರನ್ನು ಗುರುತಿಸಲು, ಮೊದಲು ಭೂದಾಖಲೆಗಳ ಕಚೇರಿಯಲ್ಲಿ ವಿಚಾರಿಸಬೇಕೇ ಅಥವಾ ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳನ್ನು ಹುಡುಕಬೇಕೇ? ಇಂತಹ ಹುಡುಕಾಟ ನಡೆಸಿದವರು ದಯವಿಟ್ಟು ತಿಳಿಸಿ.