ಅಪ್‌ಡೇಟ್: ಜಾಹೀರಾತಿನ ಖರ್ಚಲ್ಲಿ ಕಂಪನಿ ಪಾಲು ಕೊಡುತ್ತಾ ಅಂತ ಕೇಳಿದ್ದೆನಲ್ಲ

ತೀರ್ಥಹಳ್ಳಿಯಲ್ಲಿ ನಮ್ಮದು ಔಷಧಿ ಹೊಡೆಯುವ ಪಂಪ್, ಕಳೆ ತೆಗೆಯುವ ಮಿಷನ್ ಮಾರುವ ಅಂಗಡಿ. ಅಡಿಕೆಗೆ ಬೋರ್ಡೋ (ಕೊಳೆರೋಗ ತಡೆಯುವ ದ್ರಾವಣ) ಹೊಡೆಯುವ ಸೀಸನ್ನಿಗೆ ಪೇಪರಲ್ಲಿ ಜಾಹೀರಾತು ಹಾಕೋಣ ಅಂತಿದ್ದೆ, ಪಂಪ್ ಕಂಪನಿ ಖರ್ಚು ಹಂಚಿಕೊಳ್ಳುತ್ತಾ ಅನ್ನೋದು ಪ್ರಶ್ನೆ. ಕೊಡುತ್ತೆ. ಸುಮ್ನೆ ಅಲ್ಲ.

ಆ ಕಂಪನಿಯಿಂದ ನಾವು ಎತ್ತುವ ಮಾಲಿನ ಬೆಲೆಯ ಶೇಕಡಾ 2 ನಮ್ಮ ಹೆಸರಲ್ಲಿ ಜಮೆ ಆಗುತ್ತಾ ಹೋಗುತ್ತದೆ, ಜಾಹೀರಾತಿನ ಬಿಲ್ಲಲ್ಲಿ ಅರ್ಧವನ್ನು ಅದರಿಂದ ಕೊಡುತ್ತಾರೆ, ಜಮೆ ಖಾಲಿಯಾದರೆ ಉಳಿದದ್ದೆಲ್ಲ ನಮ್ಮ ತಲೆಗೆ. ಅಂದರೆ 5 ಲಕ್ಷದ ಮಾಲಿಗೆ 10 ಸಾವಿರ, ಅಷ್ಟೇ. ಡಿಸೈನ್ ಮೊದಲೇ ಕಳಿಸಿ ಒಪ್ಪಿಗೆ ಪಡೆಯಬೇಕು. ಅದರಲ್ಲಿ ಬೇರೆ ಕಂಪನಿಯ ಪಂಪ್ ಕಂಡರೆ ಕ್ಲೇಮ್ ಇಲ್ಲ. ನಾವು ಮೂರು ಬ್ರ್ಯಾಂಡ್ ಮಾರುವವರು, ಇದೊಂದು ಷರತ್ತು ನನಗೆ ಜಾಸ್ತಿಯೇ ಅನ್ನಿಸಿತು. ಆದರೆ ದುಡ್ಡು ಹಾಕುವವರು ಎದುರಾಳಿಯ ಚಿತ್ರಕ್ಕೆ ಯಾಕೆ ಹಾಕುತ್ತಾರೆ, ಅಲ್ವಾ?

ಅಚ್ಚಾದ ಪೇಪರ್ ಹಾಳೆ, ಜಿಎಸ್‌ಟಿ ಬಿಲ್ ಎರಡನ್ನೂ ಗಡುವಿನೊಳಗೆ ಕೊಡಬೇಕು. ದುಡ್ಡು ಬ್ಯಾಂಕಿಗೆ ಬರುವುದಿಲ್ಲ, ಕ್ರೆಡಿಟ್ ನೋಟ್ ಬರುತ್ತದೆ, ಮುಂದಿನ ಮಾಲಿನ ಲೆಕ್ಕದಲ್ಲಿ ಕಳೆಯುತ್ತಾರೆ. ಹಾಗಾಗಿ ಪೇಪರಿನವರಿಗೆ ಮೊದಲು ಪೂರ್ತಿ ಕಟ್ಟುವುದು ನಾವೇ.

"ಬಾಯಿಮಾತು ನಂಬಬೇಡಿ, ಬರೆಸಿಕೊಳ್ಳಿ" ಅಂದವರಿಗೆ ಥ್ಯಾಂಕ್ಸ್. ಶಿವಮೊಗ್ಗದ ಡಿಸ್ಟ್ರಿಬ್ಯೂಟರ್ ಫೋನಲ್ಲಿ ಎಲ್ಲದಕ್ಕೂ ಹೂಂ ಅಂದಿದ್ದರು. ಮೇಲ್ ಕೇಳಿದ ಮೇಲೇ ಈ ಷರತ್ತುಗಳೆಲ್ಲ ಹೊರಬಂದವು. ಜಾಹೀರಾತು ಮೇ ತಿಂಗಳಿಗೆ ಬುಕ್ ಮಾಡಿದ್ದೇನೆ, ಒಂದೇ ಬ್ರ್ಯಾಂಡ್ ಹಾಕಿ.