ತರಬೇತಿ ಮುಗೀತು, ಈಗ ಡೇಟಾ ಎಲ್ಲಿಡೋದು? ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಶಿವಮೊಗ್ಗದ ಓಪನ್ ರಿಸರ್ಚ್ (ಡೇಟಾ, ಕೋಡ್ ಎಲ್ಲರಿಗೂ ತೆರೆದಿಡುವ ಸಂಶೋಧನೆ) ತರಬೇತಿಗೆ ಬಂದವರೆಲ್ಲ ಈ ಗುಂಪಿನಲ್ಲಿದ್ದೀರಿ. ಪಾಠ ಮಾಡಿದ ಸಂಖ್ಯಾಶಾಸ್ತ್ರದ ಮೇಡಂ ಈಗ ಉತ್ತರ ಕೊಡುತ್ತಾರೆ. ಕಲಿತದ್ದನ್ನು ಸ್ವಂತ ಕೆಲಸಕ್ಕೆ ಹಾಕುವಾಗ ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಅದನ್ನು ಕೇಳಿ. ಗುಡ್ ಈವ್ನಿಂಗ್ ಚಿತ್ರ ಬೇಡ.

ಸಾಗರ ಅಡಿಕೆ: ನಮಸ್ಕಾರ ಮೇಡಂ. ಅಂಕಿ-ಅಂಶದ ಲೆಕ್ಕಕ್ಕೆ ಆರ್ ಭಾಷೆಯಲ್ಲಿ ಬರೆದ ನನ್ನ ಸ್ಕ್ರಿಪ್ಟ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತೆ. ಗೈಡ್ ಹತ್ರ ಓಡಿಸಿದರೆ ಫೈಲ್ ಸಿಗ್ತಿಲ್ಲ ಅನ್ನುತ್ತೆ.

ಮೇಡಂ: ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು ಅಂತ ಪೂರ್ತಿ ದಾರಿ ಬರೆದಿರುತ್ತೀರಿ. ಗೈಡ್ ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಎಲ್ಲಿಂದ ಬರಬೇಕು? ಆರ್‌ಸ್ಟುಡಿಯೋದಲ್ಲಿ, ಅಂದರೆ ಆರ್ ಕೋಡ್ ಬರೆಯುವ ಸಾಫ್ಟ್‌ವೇರ್‌ನಲ್ಲಿ, ಪ್ರಾಜೆಕ್ಟ್ ಮಾಡಿ. ಫೈಲಿನ ದಾರಿ ಪ್ರಾಜೆಕ್ಟ್ ಫೋಲ್ಡರಿನಿಂದ ಶುರುವಾಗಲಿ. ಆಮೇಲೆ ಆ ಫೋಲ್ಡರನ್ನೇ ಇಡಿಯಾಗಿ ಕೊಡಿ.

ಭದ್ರಾವತಿ ಬಾಟನಿ: ಮೇಡಂ ನನಗೂ ಫೈಲ್ ಸಿಗ್ತಿಲ್ಲ ಅಂತ ಬರ್ತಿದೆ.

ಮೇಡಂ: ಮೇಲೆ ಓದಿ.

ಮಳೆ ಲೆಕ್ಕ: ಮೇಡಂ, ಆಗುಂಬೆ ಮಳೆಯ ದಿನವಹಿ ಅಂಕಿ ಎಕ್ಸೆಲ್‌ಗೆ ಹಾಕಿದ್ದೇನೆ. ಗ್ರಾಫ್‌ನಲ್ಲಿ ಫೆಬ್ರವರಿಯಲ್ಲೂ ಭಾರಿ ಮಳೆ ತೋರಿಸ್ತಿದೆ. ಹವಾಮಾನ ಬದಲಾವಣೆ ಅಂತ ಬರೆಯಬಹುದಾ?

ಮೇಡಂ: ದಯವಿಟ್ಟು ಬೇಡ. ತಾರೀಕಿನ ಕಾಲಂ ಅಗಲ ಮಾಡಿ ನೋಡಿ. ಕೆಲವು ಬಲಕ್ಕೆ ಅಂಟಿಕೊಂಡಿವೆ, ಕೆಲವು ಎಡಕ್ಕೆ, ಅಲ್ವಾ? ನಿಮ್ಮ ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದೆ, ತಿಂಗಳನ್ನು ಮೊದಲು ಓದುತ್ತೆ. ನೀವು 02-07 ಅಂತ ಬರೆದ ಜುಲೈ ಎರಡು, ಅದಕ್ಕೆ ಫೆಬ್ರವರಿ ಏಳು. ಹನ್ನೆರಡರಿಂದಾಚೆ ಅಂಥ ತಿಂಗಳೇ ಇಲ್ಲ, ಹಾಗಾಗಿ ಬರೀ ಅಕ್ಷರ ಅಂತ ಎಡಕ್ಕೆ ತಳ್ಳಿದೆ. ಅಂದರೆ ನಿಮ್ಮ ಪ್ರತಿ ತಿಂಗಳ ಮೊದಲ ಹನ್ನೆರಡು ದಿನ ಕಲಸಿಹೋಗಿದೆ. ಮೂಲ ರಿಜಿಸ್ಟರಿನಿಂದ ಮತ್ತೆ ಹಾಕಿ, 2023-07-02 ಹೀಗೆ, ವರ್ಷ ಮೊದಲು. ಇದು ನಿಮ್ಮೊಬ್ಬರ ಕತೆ ಅಲ್ಲ. ಮಾರ್ಚ್1, ಸೆಪ್ಟ್2 ಅನ್ನೋ ಜೀನ್‌ಗಳನ್ನು ಎಕ್ಸೆಲ್ ತಾರೀಕು ಮಾಡಿ ಮಾಡಿ, ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು.

ಹೊಸನಗರ: ಸರ್ಟಿಫಿಕೇಟ್ ಯಾವಾಗ ಬರುತ್ತೆ?

ತೀರ್ಥಹಳ್ಳಿ ಸೋಶಿಯಾಲಜಿ: ನನ್ನ ಊರ ಹೆಸರೆಲ್ಲ ಕನ್ನಡದಲ್ಲಿದೆ. ಆರ್‌ನಲ್ಲಿ ತೆರೆದರೆ ವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತೆ.

ಸಾಗರ ಅಡಿಕೆ: ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಾ? ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಗೊತ್ತಿರುವ ಅಕ್ಷರ ಸಂಕೇತ, ಅಲ್ಲ. ಫಾಂಟ್ ತೆಗೆದರೆ ಕನ್ನಡ ಹೋಯ್ತು. ಕನ್ವರ್ಟರ್‌ನಲ್ಲಿ ಯೂನಿಕೋಡ್ ಮಾಡಿ, ಸಿಎಸ್‌ವಿ ಯುಟಿಎಫ್-8 ಅಂತ ಸೇವ್ ಮಾಡಿ.

ಮೇಡಂ: ಸರಿಯಾಗಿದೆ. ಮೂಲ ಫೈಲ್ ಮುಟ್ಟಬೇಡಿ, ಕಾಪಿ ಮೇಲೆ ಮಾಡಿ.

ಶಿಕಾರಿಪುರ: *ಫಾರ್ವರ್ಡ್ ಆಗಿದೆ* ಪಿ ವ್ಯಾಲ್ಯೂ (ಬರೀ ಆಕಸ್ಮಿಕವಾಗಿದ್ದರೆ ಇಂಥ ಫಲಿತಾಂಶ ಬರುವ ಸಂಭವ) 0.05ಕ್ಕಿಂತ ಕೆಳಗೆ ಬರ್ತಿಲ್ವಾ? ಚಿಂತೆ ಬೇಡ! ಸೀಡ್ ಸಂಖ್ಯೆ (ಕಂಪ್ಯೂಟರ್ ರ‍್ಯಾಂಡಮ್ ಆಗಿ ಎತ್ತೋದನ್ನು ಶುರು ಮಾಡುವ ಅಂಕಿ) ಬದಲಿಸುತ್ತಾ ಹೋಗಿ, ಒಂದಲ್ಲ ಒಂದರಲ್ಲಿ ಬಂದೇ ಬರುತ್ತೆ. ಆ ಸೀಡ್ ಪೇಪರಿನಲ್ಲಿ ಬರೆದರೆ ಪೂರ್ತಿ ರಿಪ್ರೊಡ್ಯೂಸಿಬಲ್. ಎಲ್ಲ ಸ್ಕಾಲರ್‌ಗಳಿಗೂ ಕಳಿಸಿ 🙏

ಮೇಡಂ: ಯಾರು ಬರೆದದ್ದು ಇದು? ಇಷ್ಟವಾದ ಉತ್ತರ ಸಿಗುವ ತನಕ ಸೀಡ್ ಹುಡುಕೋದು ಮೋಸ. ಅದೇ ಮೋಸವನ್ನು ಬೇರೆಯವರೂ ಮತ್ತೆ ಮಾಡಿ ನೋಡಬಹುದು ಅಷ್ಟೇ. ಸೀಡ್ ಒಂದೇ ಸಲ, ಲೆಕ್ಕಕ್ಕೆ ಮೊದಲೇ ಇಡಿ. ಆರ್ ಯಾವ ಆವೃತ್ತಿ ಅಂತಲೂ ಬರೆಯಿರಿ. 2019ರ 3.6.0ರಲ್ಲಿ ಸ್ಯಾಂಪಲ್ ಎತ್ತುವ ಕ್ರಮ ಬದಲಾಯಿತು, ಅದೇ ಸೀಡ್ ಇಟ್ಟರೂ ಹಳೆಯದರಲ್ಲಿ ಬಂದದ್ದೇ ಹೊಸದರಲ್ಲಿ ಬರೋದಿಲ್ಲ.

ಶಿಕಾರಿಪುರ: ಬಂದಿದ್ದನ್ನ ಕಳಿಸಿದೆ ಮೇಡಂ ಅಷ್ಟೇ.

ಮೇಡಂ: ಓದಿ ಕಳಿಸಿ.

ಸೊರಬ ಫೀಲ್ಡ್: ಮೇಡಂ, ನಮ್ಮದು ಮಂಗನ ಕಾಯಿಲೆ ಸರ್ವೆ, ಮನೆ ಮನೆಗೆ ಹೋಗಿ ಮಾಡಿದ್ದು. ಹೆಸರು, ಫೋನ್ ನಂಬರ್ ಅಳಿಸಿದ್ದೇನೆ. ಉಳಿದದ್ದು ವಯಸ್ಸು, ಲಿಂಗ, ಲಸಿಕೆ ಆಗಿದೆಯಾ, ಕಾಡಿಗೆ ಯಾಕೆ ಹೋಗಿದ್ದಿರಿ, ಮನೆಯ ಜಿಪಿಎಸ್. ನಿನ್ನೆ ಕೋಡ್ ಹಂಚುವ ಗಿಟ್‌ಹಬ್ ಸೈಟಿಗೆ ಹಾಕಿದೆ. ನಾಳೆ ಸಂಶೋಧನೆಯ ಡೇಟಾ ಇಡುವ ಝೆನೋಡೊ ಸೈಟಿಗೆ ಹಾಕಿ ಡಿಓಐ (ಕಾಯಂ ಗುರುತಿನ ಸಂಖ್ಯೆ) ತಗೊಳ್ತೇನೆ. ಸರಿ ಅಲ್ವಾ?

ಮೇಡಂ: ನಿಲ್ಲಿಸಿ. ಗಿಟ್‌ಹಬ್ ರೆಪೊವನ್ನು, ಅಂದರೆ ನೀವು ಹಾಕಿದ ಇಡೀ ಫೋಲ್ಡರನ್ನು, ಈಗಲೇ ಪ್ರೈವೇಟ್ ಮಾಡಿ. ಮಾಡಿ ಆದ ಮೇಲೆ ಮುಂದಿನದು ಓದಿ.

ಮೇಡಂ: ನಿಮ್ಮ ಕಡೆ ಊರು ಅಂದರೆ ಬಯಲುಸೀಮೆಯ ಹಾಗೆ ಒತ್ತಿಕೊಂಡ ಮನೆಗಳಲ್ಲ. ಒಂದು ತೋಟ, ಒಂದು ಮನೆ, ಆಮೇಲೆ ಗುಡ್ಡ. ಅಲ್ಲಿ ಜಿಪಿಎಸ್ ಅಂದರೆ ಮನೆ ಯಜಮಾನರ ಹೆಸರೇ. ದಶಮಾಂಶ ಚುಕ್ಕೆಯ ನಂತರ ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್‌ವರೆಗೆ ಜಾಗ ಗೊತ್ತಾಗುತ್ತೆ, ಅಂಗಳದಲ್ಲೇ ನಿಂತ ಹಾಗೆ. ಎರಡು ಅಂಕಿಗೆ ಇಳಿಸಿದರೆ ಸುಮಾರು ಒಂದು ಕಿಲೋಮೀಟರ್. ಶಿವಮೊಗ್ಗ ಪೇಟೆಯಲ್ಲಿ ಅದು ಸಾಕಾದೀತು. ಕಾಡಂಚಿನಲ್ಲಿ ಅಷ್ಟು ಜಾಗದಲ್ಲಿ ಮೂರೇ ಮನೆ ಇರಬಹುದು. '71 ವರ್ಷ, ಗಂಡಸು, ಲಸಿಕೆ ಇಲ್ಲ' ಅಂದರೆ ಯಾರು ಅಂತ ಹಾಲು ಹಾಕೋಕೆ ಬಂದವರೇ ಹೇಳ್ತಾರೆ.

ಅದಕ್ಕಿಂತ ನನಗೆ ಭಯ ಆದದ್ದು 'ಕಾಡಿಗೆ ಯಾಕೆ ಹೋಗಿದ್ದಿರಿ' ಅನ್ನೋ ಕಾಲಂ. ಈ ಕಾಯಿಲೆ ಉಣ್ಣಿಯಿಂದ ಬರುತ್ತೆ, ಆ ಪ್ರಶ್ನೆ ನೀವು ಕೇಳಲೇಬೇಕು. ಉತ್ತರದಲ್ಲಿ ಏನಿರುತ್ತೆ? ದರಗೆಲೆ ತರೋಕೆ, ಸೌದೆಗೆ, ದನ ಬಿಡೋಕೆ. ಮೀಸಲು ಅರಣ್ಯದ ಪಕ್ಕದ ಮನೆಯ ಜಿಪಿಎಸ್ ಜೊತೆ ಇದನ್ನು ಇಟ್ಟರೆ ನಾಳೆ ಯಾರೋ ಕೇಸಿಗೆ ಬಳಸಬಹುದು. ಆ ಮನೆಯವರು ನಿಮಗೆ ಕಾಫಿ ಕೊಟ್ಟು ಕೂರಿಸಿ ನಿಜ ಹೇಳಿದ್ದು ಇದಕ್ಕಲ್ಲ. ನಿಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡ ಕಾಯಿಲೆ ಇದು. ನಿಮ್ಮ ತಾಲೂಕಿನವರು ಆಗಿನಿಂದ ಸಂಶೋಧಕರಿಗೆ ಬಾಗಿಲು ತೆರೀತಾ ಬಂದಿದ್ದಾರೆ. ಮುಂದಿನ ಸಲ ತೆರೆಯದಿದ್ದರೆ?

ಗಿಟ್‌ನಲ್ಲಿ ಫೈಲ್ ಅಳಿಸಿ ಕಮಿಟ್ ಮಾಡಿದರೆ, ಅಂದರೆ ಆ ಬದಲಾವಣೆ ದಾಖಲಿಸಿದರೆ, ಸಾಲದು, ಹಳೇ ಕಮಿಟ್‌ನಲ್ಲಿ ಹಾಗೇ ಕೂತಿರುತ್ತೆ. ಮೊದಲು ಯಾರಾದರೂ ಫೋರ್ಕ್ ಮಾಡಿದ್ದಾರಾ, ಅಂದರೆ ತಮ್ಮ ಖಾತೆಗೆ ನಕಲು ಮಾಡಿಕೊಂಡಿದ್ದಾರಾ, ನೋಡಿ. ಆಮೇಲೆ ರೆಪೊವನ್ನೇ ಡಿಲೀಟ್ ಮಾಡಿ, ಹೊಸದರಲ್ಲಿ ಕೋಡ್ ಮಾತ್ರ ಹಾಕಿ. ಡೇಟಾ ಫೋಲ್ಡರ್ ಗಿಟ್‌ಇಗ್ನೋರ್‌ನಲ್ಲಿ, ಅಂದರೆ ಗಿಟ್ ಮುಟ್ಟಬಾರದ ಫೈಲುಗಳ ಪಟ್ಟಿಯಲ್ಲಿ, ಇರಲಿ. ಝೆನೋಡೊ ಇರೋದೇ ಹಾಕಿದ್ದು ಉಳಿಯಲಿ ಅಂತ, ಅಲ್ಲಿ ದುಡುಕಬೇಡಿ.

ತೆರೆದಿಡೋಕೆ ಬೇಕಾದಷ್ಟಿದೆ. ಕೋಡ್ ಪೂರ್ತಿ, ಪ್ರಶ್ನಾವಳಿ, ಪ್ರತಿ ಕಾಲಂನ ವಿವರ, ಹೋಬಳಿವಾರು ಒಟ್ಟು ಲೆಕ್ಕ. ಆ ಲೆಕ್ಕದ ಪಟ್ಟಿಯಲ್ಲಿ ಒಬ್ಬರೋ ಇಬ್ಬರೋ ಇರುವ ಚೌಕವನ್ನು ಮುಚ್ಚಿ. ಅದೇ ಕಾಲಂಗಳಿಟ್ಟು ಸುಳ್ಳು ಡೇಟಾ ಒಂದು ಮಾಡಿ ಹಾಕಿ, ಬೇರೆಯವರು ಕೋಡ್ ಓಡಿಸಿ ನೋಡಲಿ. ನಿಜವಾದ ಡೇಟಾ ಬೇಕಾದವರು ಎಥಿಕ್ಸ್ ಕಮಿಟಿ ಮೂಲಕ ಕೇಳಲಿ. ಒಪ್ಪಿಗೆ ಪತ್ರದಲ್ಲಿ ಹಂಚುವ ಬಗ್ಗೆ ಏನು ಬರೆದಿತ್ತು?

ಸೊರಬ ಫೀಲ್ಡ್: 'ಮಾಹಿತಿ ಗೌಪ್ಯವಾಗಿಡಲಾಗುವುದು' ಅಂತಷ್ಟೇ.

ಮೇಡಂ: ಹಾಗಾದರೆ ಮಾತು ಅಲ್ಲಿಗೇ ಮುಗೀತು. ಆದದ್ದನ್ನು ಗೈಡ್‌ಗೂ ಕಮಿಟಿಗೂ ಇವತ್ತೇ ತಿಳಿಸಿ.

ಹೊಸನಗರ: ತರಬೇತಿಯಲ್ಲಿ ಎಲ್ಲ ಓಪನ್ ಮಾಡಿ ಅಂದ್ರಿ, ಈಗ ಮುಚ್ಚಿ ಅಂತೀರಿ. ಸರ್ಕಾರದ ದುಡ್ಡಲ್ಲಿ ಮಾಡಿದ ಡೇಟಾ ಜನರದ್ದಲ್ವಾ?

ಸಾಗರ ಅಡಿಕೆ: ಯಾವ ಜನ ಮಾರಾಯ್ರೆ? ಅಡಿಕೆ ಕೊಳೆ ರೋಗದ ಡೇಟಾಕ್ಕೆ ಮಳೆಗಾಲದಲ್ಲಿ ತೋಟ ತೋಟ ಸುತ್ತಿ ಜಿಗಣೆ ಕಚ್ಚಿಸಿಕೊಂಡಿದ್ದು ನಾನು. ನಾಳೆ ಬೆಂಗಳೂರಿನಲ್ಲಿ ಎಸಿ ಕೆಳಗೆ ಕೂತವರು ಡೌನ್‌ಲೋಡ್ ಮಾಡಿ ನನಗಿಂತ ಮೊದಲು ಪೇಪರ್ ಹಾಕ್ತಾರೆ.

ಹೊಸನಗರ: ಅದಕ್ಕೇ ನಮ್ಮ ಕಡೆಯವರು ಮುಂದೆ ಬರ್ತಿಲ್ಲ. ಬಚ್ಚಿಟ್ಟುಕೊಂಡೇ ಕೂರಿ.

ತೀರ್ಥಹಳ್ಳಿ ಸೋಶಿಯಾಲಜಿ: ಇಬ್ಬರೂ ನಿಲ್ಲಿಸಿ. ತೋಟದವರಿಗೆ ರಿಸಲ್ಟ್ ತಿರುಗಿ ಹೇಳಿದೋರು ಯಾರಾದರೂ ಇದ್ದೀರಾ ಇಲ್ಲಿ? ನಮ್ಮಪ್ಪನ ತೋಟಕ್ಕೆ ಬಂದು ಕಾಯಿ ಎಣಿಸಿಕೊಂಡು ಹೋದವರು ಮತ್ತೆ ಮುಖ ತೋರಿಸಿಲ್ಲ.

ಸಾಗರ ಅಡಿಕೆ: ನಾನು ಹೇಳಿದ್ದೇನೆ.

ತೀರ್ಥಹಳ್ಳಿ ಸೋಶಿಯಾಲಜಿ: ಕನ್ನಡದಲ್ಲಾ?

ಮೇಡಂ: ಸಾಗರದವರಿಗೆ: ಝೆನೋಡೊದಲ್ಲಿ ಎಂಬಾರ್ಗೋ ಇದೆ. ಫೈಲ್ ಈಗ ಇಟ್ಟು ಪೇಪರ್ ಬಂದ ಮೇಲೆ ತೆರೆಯಬಹುದು. ಜಗಳ ಬೇರೆ ಕಡೆ ಮಾಡಿ.

ಭದ್ರಾವತಿ ಬಾಟನಿ: ಪ್ರಿ-ರಿಜಿಸ್ಟ್ರೇಶನ್ ಈಗ ಮಾಡಬಹುದಾ ಮೇಡಂ? ಫೀಲ್ಡ್‌ವರ್ಕ್ ಆಗಿದೆ, ಗ್ರಾಫೂ ಆಗಿದೆ.

ಮೇಡಂ: ಇಲ್ಲ. ಅದು ಡೇಟಾ ನೋಡುವ ಮೊದಲೇ ಯೋಜನೆ ಬರೆದು ನೋಂದಾಯಿಸೋದು.

ಮಳೆ ಲೆಕ್ಕ: ಗೈಡೇ ಕೋಡ್ ಹಂಚಬೇಡ ಅಂದರೆ ಏನು ಮಾಡಬೇಕು ಮೇಡಂ?

ಶಿಕಾರಿಪುರ: *ಫಾರ್ವರ್ಡ್ ಆಗಿದೆ* ಡೇಟಾವನ್ನು ಎಐ ಚಾಟ್‌ಗೆ ಹಾಕಿ 'ಹೆಸರು ತೆಗೆ' ಎಂದರೆ ಒಂದೇ ನಿಮಿಷದಲ್ಲಿ...

ಮೇಡಂ: ಅಡ್ಮಿನ್, ಇವರನ್ನು ಸ್ವಲ್ಪ ಹೊತ್ತು ಮ್ಯೂಟ್ ಮಾಡಿ. ಹೆಸರಿರುವ ಡೇಟಾವನ್ನು ಹೊರಗಿನವರ ಸರ್ವರ್‌ಗೆ ಕಳಿಸಿ ಹೆಸರು ತೆಗೆಸೋದಂತೆ.

ಸೊರಬ ಫೀಲ್ಡ್: ಮೇಡಂ, ಒಂದು ಫೋರ್ಕ್ ಇದೆ. ನಿನ್ನೆ ರಾತ್ರಿ ಆಗಿದ್ದು. ಈ ಗುಂಪಿನವರೇ ಅನ್ಸುತ್ತೆ.

ಮೇಡಂ: ಯಾರು?

ಮೇಡಂ: ಗುಂಪಿನಲ್ಲಿದ್ದೀರಿ, ಓದ್ತಿದ್ದೀರಿ. ಯಾರು?

ಹೊಸನಗರ: ನಾನು. ಫೋರ್ಕ್ ಹೇಗೆ ಮಾಡೋದು ಅಂತ ಕಲಿಯೋಕೆ ಮಾಡಿದ್ದು.

ಮೇಡಂ: ಡಿಲೀಟ್ ಮಾಡಿ. ಲ್ಯಾಪ್‌ಟಾಪಿಗೆ ಇಳಿಸಿದ್ದರೆ ಅದನ್ನೂ.

ಹೊಸನಗರ: ಮಾಡಿದೆ. ಇಳಿಸಿರಲಿಲ್ಲ. ಗೆಳೆಯನಿಗೊಂದು ಲಿಂಕ್ ಕಳಿಸಿದ್ದೆ ಅಷ್ಟೇ.

ಮೇಡಂ: ಅವರ ನಂಬರ್ ನನಗೆ ಕಳಿಸಿ. ಗುಂಪಿನಲ್ಲಿ ಹಾಕಬೇಡಿ.