ರೂಟ್ ಅಧಿಕಾರದ ಪ್ರೋಗ್ರಾಂಗಳಲ್ಲಿ ಬಫರ್ ಓವರ್‌ಫ್ಲೋ: ಎಲ್ಲಿಂದ ಆರಂಭಿಸಬೇಕು?

ಹಿಂಜವಡಿ, ಪುಣೆಯಿಂದ ಕೋರಿಕೆ: ನಮ್ಮ ಕಚೇರಿಯ ಡೆಬಿಯನ್ ಸರ್ವರ್‌ಗಳಲ್ಲಿ ಅನೇಕರು ಸಾಮಾನ್ಯ ಖಾತೆಗಳಿಂದ ಕೆಲಸ ಮಾಡುತ್ತಾರೆ. ಸೆಟ್‌ಯುಐಡಿ ಇರುವ, ಅಂದರೆ ಯಾರು ಓಡಿಸಿದರೂ ರೂಟ್ (ಯಂತ್ರದ ಮೇಲೆ ಪೂರ್ಣ ಹಿಡಿತವಿರುವ ಖಾತೆ) ಅಧಿಕಾರದಲ್ಲೇ ನಡೆಯುವ ಪ್ರೋಗ್ರಾಂಗಳನ್ನು ಪಟ್ಟಿ ಮಾಡಿದಾಗ ಸುಡೊ (ಇನ್ನೊಂದು ಖಾತೆಯ ಅಧಿಕಾರದಲ್ಲಿ ಆಜ್ಞೆ ಓಡಿಸುವ ಪ್ರೋಗ್ರಾಂ), ಪಿಂಗ್ (ಇನ್ನೊಂದು ಯಂತ್ರ ಸಂಪರ್ಕಕ್ಕೆ ಸಿಗುತ್ತದೆಯೇ ಎಂದು ನೋಡುವ ಪ್ರೋಗ್ರಾಂ) ಮೊದಲಾದವುಗಳ ಜೊತೆಗೆ ನಾವೇ ಸಿ ಭಾಷೆಯಲ್ಲಿ ಬರೆಸಿದ ಹಳೆಯ ಪ್ರೋಗ್ರಾಂ ಒಂದು ಸಿಕ್ಕಿತು. ಇವುಗಳಲ್ಲಿ ಬಫರ್ ಓವರ್‌ಫ್ಲೋ, ಅಂದರೆ ಡೇಟಾಗೆ ಕಾದಿರಿಸಿದ ಮೆಮೊರಿ ಜಾಗವನ್ನು (ಬಫರ್) ಮೀರಿ ಬರೆಯುವ ತಪ್ಪು ಇದ್ದೀತೇ ಎಂಬ ಆತಂಕ ನಮಗೆ. ಎಲ್ಲಿಂದ ಆರಂಭಿಸಬೇಕೆಂದು ಅನುಭವವುಳ್ಳವರು ದಯವಿಟ್ಟು ಮಾರ್ಗದರ್ಶನ ಮಾಡಿ.

ಡೊಂಬಿವಲಿಯಿಂದ: ತಮ್ಮ ಆತಂಕ ಸರಿಯಾದದ್ದೇ. ಸಾಮಾನ್ಯ ಪ್ರೋಗ್ರಾಂ ಬಫರ್ ಮೀರಿ ಬರೆದರೆ ಅಪಾಯ ಹೆಚ್ಚಾಗಿ ಆ ಒಂದು ಖಾತೆಗೆ. ಸೆಟ್‌ಯುಐಡಿ ಪ್ರೋಗ್ರಾಂನಲ್ಲಿ ಅದೇ ತಪ್ಪು ಇಡೀ ಯಂತ್ರವನ್ನೇ ಒಪ್ಪಿಸಿಬಿಡುತ್ತದೆ. ಸುಡೊದಲ್ಲಿ 2011ರ ಜುಲೈನಲ್ಲಿ ಸೇರಿಕೊಂಡ ಅಂಥ ದೋಷವೊಂದು 2021ರ ಜನವರಿಯಲ್ಲಷ್ಟೇ ಬಹಿರಂಗವಾಯಿತು. ಸುಡೊಎಡಿಟ್‌ಗೆ (ಸುಡೊ ಜೊತೆಗೇ ಬರುವ, ಫೈಲ್ ತಿದ್ದುವ ಆಜ್ಞೆ) ಕೊಟ್ಟ ಆರ್ಗ್ಯುಮೆಂಟ್ ಒಂಟಿ ಬ್ಯಾಕ್‌ಸ್ಲ್ಯಾಶ್‌ನಿಂದ ಮುಗಿದರೆ, ನಕಲು ಮಾಡುವ ಲೂಪ್ ಮುಂದಿನ ಶೂನ್ಯ ಬೈಟನ್ನೂ (ಪಠ್ಯ ಮುಗಿಯಿತೆಂಬ ಗುರುತು) ದಾಟಿ ಓದುತ್ತಾ ಹೋಗಿ, ಹೀಪ್‌ನಲ್ಲಿ (ಪ್ರೋಗ್ರಾಂ ಓಡುವಾಗ ಬೇಕಾದಷ್ಟು ಪಡೆಯುವ ಮೆಮೊರಿ) ಕಾದಿರಿಸಿದ ಜಾಗದ ಆಚೆಗೂ ಬರೆಯುತ್ತಿತ್ತು. ಸುಡೊ ಬಳಸುವ ಅನುಮತಿಯೇ ಇಲ್ಲದವರೂ ಇದರಿಂದ ರೂಟ್ ಆಗಬಹುದಿತ್ತು. ಇದು ಸರಿಹೋದದ್ದು 1.9.5ಪಿ2ರಲ್ಲಿ. ಆದರೆ ಆವೃತ್ತಿಯ ಸಂಖ್ಯೆ ನೋಡಿಯೇ ತೀರ್ಮಾನಿಸಬೇಡಿ, ಏಕೆಂದರೆ ಡೆಬಿಯನ್ ಹಳೆಯ ಆವೃತ್ತಿಗೇ ತಿದ್ದುಪಡಿ ಹಾಕಿ ಕೊಡುತ್ತದೆ. ಸಾಮಾನ್ಯ ಖಾತೆಯಿಂದ ಸುಡೊಎಡಿಟ್‌ಗೆ ಮೈನಸ್ ಎಸ್ ಮತ್ತು ಒಂದು ಸ್ಲ್ಯಾಶ್ ಕೊಟ್ಟು ಓಡಿಸಿ: ಉತ್ತರ ‘ಯೂಸೇಜ್’ ಎಂದು ಆರಂಭವಾದರೆ ತಿದ್ದುಪಡಿ ಆಗಿದೆ, ‘ಸುಡೊಎಡಿಟ್’ ಎಂದು ಆರಂಭವಾದರೆ ಆಗಿಲ್ಲ.

ವಾಸ್ಕೊ, ಗೋವಾದಿಂದ: ನನ್ನ ದೃಷ್ಟಿಯಲ್ಲಿ ಸುಡೊಗಿಂತ ದೊಡ್ಡ ಅಪಾಯ ತಾವೇ ಬರೆಸಿದ ಪ್ರೋಗ್ರಾಂ, ಸುಡೊದ ಮೇಲೆ ಅನೇಕರ ಕಣ್ಣಿದೆ, ತಮ್ಮ ಪ್ರೋಗ್ರಾಂ ಅನ್ನು ನೋಡುವವರು ತಮ್ಮ ಹೊರತು ಯಾರೂ ಇಲ್ಲ. ನಾವು ಪರಿಶೀಲಿಸಿದ ಇಂಥದೇ ಒಂದು ಪ್ರೋಗ್ರಾಂನಲ್ಲಿ ಹೋಮ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನು (ಓಡಿಸುವವನ ಕಡೆಯಿಂದ ಪ್ರೋಗ್ರಾಂಗೆ ಬರುವ ಮೌಲ್ಯ) 64 ಬೈಟ್‌ಗಳ ಅರೇಗೆ ಉದ್ದ ನೋಡದೆ ನಕಲಿಸುವ ಸ್ಟ್ರ್‌ಕಾಪಿ ಮೂಲಕ ನಕಲಿಸಲಾಗಿತ್ತು. ಆ ವೇರಿಯಬಲ್ಲಿನಲ್ಲಿ ಏನಿರಬೇಕು, ಎಷ್ಟುದ್ದ ಇರಬೇಕು ಎಂಬುದು ಓಡಿಸುವವನ ಕೈಯಲ್ಲಿದೆ ಎಂಬುದನ್ನು ಬರೆದವರು ಯೋಚಿಸಿರಲಿಲ್ಲ. 1988ರಲ್ಲಿ ಇಂಟರ್‌ನೆಟ್‌ನಲ್ಲಿ ತಾನಾಗಿ ಹರಡಿದ ಮಾರಿಸ್ ವರ್ಮ್, ಬಳಕೆದಾರರ ಮಾಹಿತಿ ಕೊಡುವ ಫಿಂಗರ್‌ಡಿ ಎಂಬ ಪ್ರೋಗ್ರಾಂನ 512 ಬೈಟ್‌ಗಳ ಬಫರನ್ನು ಉಕ್ಕಿಸಿದ್ದೂ ಉದ್ದ ನೋಡದೆ ಸಾಲು ಓದುವ ಗೆಟ್ಸ್ ಎಂಬ ಫಂಕ್ಷನ್‌ನಿಂದಲೇ. ಸ್ಟ್ಯಾಕ್ ಪ್ರೊಟೆಕ್ಟರ್ (ಬಫರ್ ಉಕ್ಕಿದ್ದನ್ನು ಪತ್ತೆಹಚ್ಚಿ ಪ್ರೋಗ್ರಾಂ ನಿಲ್ಲಿಸುವ ಕಾವಲು) ಹಾಕಿ ಕಂಪೈಲ್ ಮಾಡುವುದು ಅವಶ್ಯ, ಆದರೆ ಅದು ದಾಳಿಯನ್ನು ಕಷ್ಟಗೊಳಿಸುತ್ತದೆಯೇ ಹೊರತು ತಪ್ಪನ್ನು ತಿದ್ದುವುದಿಲ್ಲ. ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್‌ನಿಂದ ಪರೀಕ್ಷಿಸಿ. ಆ ಪರೀಕ್ಷಾ ಬಿಲ್ಡನ್ನು ಮಾತ್ರ ಸೆಟ್‌ಯುಐಡಿ ಹಾಕಿ ಸರ್ವರ್‌ನಲ್ಲಿ ಬಿಡಲೇಬೇಡಿ, ಏಕೆಂದರೆ ಸ್ಯಾನಿಟೈಸರ್ ಕೂಡ ಬಳಕೆದಾರನ ಎನ್ವಿರಾನ್‌ಮೆಂಟನ್ನು ನಂಬಿ ನಡೆಯುತ್ತದೆ.

ಕೊಥ್ರೂಡ್, ಪುಣೆಯಿಂದ: ಬೇಡವಾದ ಪ್ರೋಗ್ರಾಂಗಳ ಸೆಟ್‌ಯುಐಡಿ ಬಿಟ್ ತೆಗೆದುಬಿಡಿ. ಫೈಲಿನ ಅನುಮತಿ ಬದಲಿಸುವ ಚ್‌ಮಾಡ್‌ನಿಂದಷ್ಟೇ ತೆಗೆದರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಅದು ಮರಳಿ ಬರುತ್ತದೆ. ಫೈಲಿನ ಅನುಮತಿಯನ್ನು ಅಪ್‌ಗ್ರೇಡ್‌ಗಳಲ್ಲೂ ಉಳಿಸುವ ಡಿಪಿಕೆಜಿ ಸ್ಟ್ಯಾಟ್‌ಓವರ್‌ರೈಡ್‌ನಲ್ಲಿ ದಾಖಲಿಸಿದರೆ ನಿಲ್ಲುತ್ತದೆ.

ಹಿಂಜವಡಿಯಿಂದ: ಪಿಂಗ್‌ನಿಂದ ತೆಗೆದರೆ ಅದು ಕೆಲಸ ಮಾಡುವುದು ನಿಲ್ಲುವುದಿಲ್ಲವೇ?

ಕೊಥ್ರೂಡ್‌ನಿಂದ: ಇಲ್ಲ ಸರ್. ಪಿಂಗ್‌ಗೆ ಬೇಕಾದದ್ದು ಕಚ್ಚಾ ಸಾಕೆಟ್ ತೆರೆಯುವ ಅನುಮತಿಯಷ್ಟೇ. ಸೆಟ್‌ಕ್ಯಾಪ್ ಬಳಸಿ ಆ ಫೈಲಿಗೆ ಕ್ಯಾಪ್ ನೆಟ್ ರಾ ಎಂಬ ಆ ಅನುಮತಿಯೊಂದನ್ನೇ ಕೊಡಿ. ಮುಂದೆ ಅದರಲ್ಲಿ ಓವರ್‌ಫ್ಲೋ ಕಂಡುಬಂದರೂ ದಾಳಿಕೋರನಿಗೆ ದಕ್ಕುವುದು ಆ ಅನುಮತಿಯೇ ಹೊರತು ರೂಟ್ ಅಲ್ಲ.